ಆಟದ ಅಂಚೆ: ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು. ಎಷ್ಟು ಮೆಲ್ಲಗೆ ನುಸುಳಿದರೂ ಕಾವಲುಗಾರ ನೋಡಿಬಿಡುತ್ತಾನಂತೆ. ರೇಸಿಂಗ್ ಆಟಗಳ ಪ್ರಶ್ನೆ ಕಳಿಸಿದವರು ದಯವಿಟ್ಟು ಒಂದು ತಿಂಗಳು ಕಾಯಿರಿ. ಈ ಪುಟ ಪೂರ್ತಿ ಕಳ್ಳಹೆಜ್ಜೆಯವರಿಗೆ.

ಪ್ರಶ್ನೆ: ‘ಡಿಸ್‌ಆನರ್ಡ್’ ಆಡುತ್ತಿದ್ದೇನೆ. ಮೊದಲಿನಿಂದ ಕೊನೆಯವರೆಗೂ ಬಗ್ಗಿಕೊಂಡೇ ನಡೆಯುತ್ತೇನೆ, ಕತ್ತಲಲ್ಲೇ ಇರುತ್ತೇನೆ. ಆದರೂ ಮಿಷನ್ ಮುಗಿದ ಮೇಲೆ ಬರುವ ಲೆಕ್ಕದಲ್ಲಿ ಮೂರು ಸಲ, ನಾಲ್ಕು ಸಲ ಸಿಕ್ಕಿಬಿದ್ದೆ ಅಂತ ತೋರಿಸುತ್ತದೆ. ಯಾರ ಕಣ್ಣಿಗೂ ಬೀಳದವರಿಗೆ ಕೊಡುವ ‘ಘೋಸ್ಟ್’ ಗುರುತು ಇದುವರೆಗೆ ಒಮ್ಮೆಯೂ ಸಿಕ್ಕಿಲ್ಲ. ಯಾರು, ಯಾವಾಗ ನೋಡಿದರು ಅನ್ನುವುದೇ ಗೊತ್ತಾಗುವುದಿಲ್ಲ.

ಉತ್ತರ: ನಿಮ್ಮ ಕೊನೆಯ ಸಾಲಿನಲ್ಲೇ ಕಾಯಿಲೆಯ ಹೆಸರಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಫಸ್ಟ್ ಪರ್ಸನ್ ಆಟ, ಅಂದರೆ ಪಾತ್ರದ ಕಣ್ಣಿನಿಂದಲೇ ನೋಡುತ್ತ ಆಡುವ ಆಟ, ನಮ್ಮನ್ನೆಲ್ಲ ಆ ಬೆಕ್ಕಿನ ಜಾತಿಗೆ ಸೇರಿಸುತ್ತದೆ. ಕ್ಯಾಮೆರಾ ಬೆನ್ನ ಹಿಂದಿರುವ ಆಟಗಳಲ್ಲಿ ನಮ್ಮ ಮೈ ನಮಗೇ ಕಾಣುತ್ತದೆ. ಕಂಬದ ಮರೆಯಲ್ಲಿ ನಿಂತೇ ಕ್ಯಾಮೆರಾ ತಿರುಗಿಸಿ ಕಂಬದಾಚೆ ಯಾರಿದ್ದಾರೆ ಅಂತ ನೋಡಬಹುದು. ಇಲ್ಲಿ ಆ ಸೌಲಭ್ಯವಿಲ್ಲ. ಪರದೆಯಲ್ಲಿ ಕಾಣುವುದು ಮುಂದಿನ ಕಾಲು ಭಾಗ ಮಾತ್ರ, ಉಳಿದ ಮುಕ್ಕಾಲು ಸುತ್ತಿಗೆ ನಾವು ಕುರುಡರು. ನಮಗೆ ಯಾರೂ ಕಾಣುತ್ತಿಲ್ಲ ಅಂದರೆ ನಾವೂ ಯಾರಿಗೂ ಕಾಣುತ್ತಿಲ್ಲ ಅಂತ ಮನಸ್ಸು ತಾನೇ ತೀರ್ಮಾನಿಸಿಬಿಡುತ್ತದೆ.

ನಾನೂ ಹೀಗೇ ಕೆಟ್ಟವಳು. ಎದುರಿನ ಕಾವಲುಗಾರನನ್ನೇ ನೋಡುತ್ತ, ಅವನು ಎಷ್ಟು ಹೆಜ್ಜೆಗೊಮ್ಮೆ ತಿರುಗುತ್ತಾನೆ ಅಂತ ಎಣಿಸುತ್ತ ಕಂಬದ ಹಿಂದೆ ಕೂತಿದ್ದೆ. ಬಹಳ ಜಾಣೆ ಅಂದುಕೊಂಡಿದ್ದೆ. ಇನ್ನೊಬ್ಬ ಮೆಟ್ಟಿಲಿಳಿದು ನೇರ ನನ್ನ ಬೆನ್ನ ಹಿಂದೆ ಬಂದು ನಿಂತ. ಅವನ ಮಟ್ಟಿಗೆ ನಾನು ಬಯಲಲ್ಲಿ ಕುಕ್ಕರಗಾಲಲ್ಲಿ ಕೂತ ಒಬ್ಬ ಮುಸುಕುಧಾರಿ, ಅಷ್ಟೇ.

ಎರಡನೆಯದು ನಿಮ್ಮ ಕತ್ತಲು. 2012ರಲ್ಲಿ ಆರ್ಕೇನ್ ಸ್ಟುಡಿಯೋಸ್ ಮಾಡಿದ ಈ ಆಟದಲ್ಲಿ ನೆರಳು ಕಂಬಳಿಯಲ್ಲ. ಕಾವಲುಗಾರ ದೂರದಲ್ಲಿದ್ದರೆ ಕತ್ತಲು ಒಂದಿಷ್ಟು ಕಾಪಾಡುತ್ತದೆ. ಹತ್ತಿರ ಬಂದನೋ, ಲೆಕ್ಕಕ್ಕೆ ಬರುವುದು ಅವನ ಕಣ್ಣಿಗೂ ನಿಮಗೂ ನಡುವೆ ಗೋಡೆಯೋ ಪೆಟ್ಟಿಗೆಯೋ ಇದೆಯೇ ಅನ್ನುವುದೊಂದೇ. ಬಗ್ಗಿ ನಡೆದರೆ ಸಪ್ಪಳ ಕಡಿಮೆಯಾಗುತ್ತದೆ, ಗಿಡ್ಡ ಗೋಡೆಯೂ ಮರೆಯಾಗುತ್ತದೆ. ನಡುಬೀದಿಯಲ್ಲಿ ಬಗ್ಗಿದರೆ ಬೆನ್ನು ನೋಯುತ್ತದೆ, ಬೇರೇನೂ ಆಗುವುದಿಲ್ಲ.

ಹಾಗಾದರೆ ಮಾಡುವುದೇನು? ಕಂಪ್ಯೂಟರಿನಲ್ಲಿ ಆಡುತ್ತಿದ್ದರೆ ಕ್ಯೂ ಮತ್ತು ಇ ಕೀಲಿಗಳನ್ನು ಸವೆಯುವಷ್ಟು ಬಳಸಿ. ಅವು ಎಡಕ್ಕೆ, ಬಲಕ್ಕೆ ವಾಲಿ ಇಣುಕುವ ಕೀಲಿಗಳು. ಮೈ ಗೋಡೆಯ ಮರೆಯಲ್ಲಿದ್ದರೆ, ಇಣುಕಿದ ತಲೆಯನ್ನು ಈ ಮೊದಲ ಭಾಗದ ಕಾವಲುಗಾರರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದು ನಿಜ ಜೀವನಕ್ಕೆ ವಿರುದ್ಧ, ಗೊತ್ತು. ಆಟ ಕೊಟ್ಟ ಉಡುಗೊರೆ, ತೆಗೆದುಕೊಳ್ಳಿ. ಬಾಗಿಲು ತೆರೆಯುವ ಮೊದಲು ಕೀಲಿಕಂಡಿಯಲ್ಲಿ ನೋಡುವ ಅವಕಾಶವೂ ಇದೆ, ಅದನ್ನು ಮರೆಯುವವರೇ ಹೆಚ್ಚು. ಇನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತುಸು ದೂರಕ್ಕೆ ಒಯ್ಯುವ ‘ಬ್ಲಿಂಕ್’ ಶಕ್ತಿ. ಎಲ್ಲರೂ ಅದನ್ನು ಮುಂದಕ್ಕೆ ಹಾರಲು ಬಳಸುತ್ತಾರೆ, ನೀವು ಮೇಲಕ್ಕೆ ಹಾರಿ. ಪೈಪು, ಗೋಡೆಯ ಅಂಚು, ಬಾಲ್ಕನಿ, ಎಲ್ಲಿ ಕಾಲೂರಲು ಜಾಗವಿದೆಯೋ ಅಲ್ಲಿಗೆ. ಈ ಊರಿನ ಕಾವಲುಗಾರರಿಗೆ ಕತ್ತೆತ್ತುವ ಅಭ್ಯಾಸ ಬಹಳ ಕಡಿಮೆ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಹೊಸ ಜಾಗಕ್ಕೆ ಕಾಲಿಟ್ಟ ತಕ್ಷಣ ಹೋಗಬೇಕಾದ ಬಾಗಿಲನ್ನು ಹುಡುಕಬೇಡಿ. ನಿಂತಲ್ಲೇ ಒಂದು ಪೂರ್ತಿ ಸುತ್ತು ತಿರುಗಿ, ಮಾಳಿಗೆ, ಕಿಟಕಿ, ಮೆಟ್ಟಿಲು ಎಲ್ಲ ನೋಡಿ. ಆಮೇಲೆ ಒಬ್ಬ ಕಾವಲುಗಾರನನ್ನು ಆರಿಸಿಕೊಂಡು, ಅವನು ಗಸ್ತು ಮುಗಿಸಿ ಮೊದಲಿದ್ದ ಜಾಗಕ್ಕೇ ಬರುವವರೆಗೆ ಕದಲಬೇಡಿ. ಅವನ ಅರ್ಧ ಸುತ್ತು ನೋಡಿ ಹೊರಟವರೆಲ್ಲ ಉಳಿದರ್ಧದಲ್ಲಿ ಸಿಕ್ಕಿಬೀಳುತ್ತಾರೆ. ಹೊರಡುವಾಗ ಎರಡು ಜಾಗ ಮನಸ್ಸಿನಲ್ಲಿರಲಿ, ತಲುಪಬೇಕಾದ ಮರೆ ಒಂದು, ಕೆಟ್ಟರೆ ಹಿಂದಿರುಗುವ ಮರೆ ಇನ್ನೊಂದು. ಎರಡನೆಯದು ತೋಚದಿದ್ದರೆ ಹೊರಡಲೇಬೇಡಿ.

ಕಾವಲುಗಾರನ ತಲೆಯ ಮೇಲೆ ಮಿಂಚಿನ ಗೆರೆಗಳಂಥ ಗುರುತು ಬೆಳ್ಳಗೆ ತುಂಬತೊಡಗಿದರೆ ಗಾಬರಿ ಬೇಡ, ಅದು ಅನುಮಾನ ಮಾತ್ರ. ಸುಮ್ಮನೆ ಮರೆಗೆ ಸರಿಯಿರಿ. ಕೆಂಪಾದಾಗಲೇ ನಿಮ್ಮ ಲೆಕ್ಕಕ್ಕೆ ಒಂದು ಸೇರುವುದು. ಬಿಳಿ ಗುರುತು ಕಂಡು ಹೆದರಿ ಓಡಿದವರೇ ಅದನ್ನು ಕೆಂಪು ಮಾಡಿಕೊಳ್ಳುತ್ತಾರೆ.

ಪ್ರಶ್ನೆ: ಹಳೆಯ ‘ಥೀಫ್’ ಆಟದಲ್ಲಿ ಕತ್ತಲಲ್ಲಿ, ಕಾವಲುಗಾರನ ಬೆನ್ನ ಹಿಂದೆ ಸದ್ದೇ ಮಾಡದೆ ನಿಂತಿರುತ್ತೇನೆ. ಆದರೂ ಕೆಲವು ಸಲ ತಿರುಗಿಬಿಡುತ್ತಾನೆ. ಕಂಪ್ಯೂಟರ್ ಮೋಸ ಮಾಡುತ್ತದೆಯೇ?

ಉತ್ತರ: ಮೋಸವಲ್ಲ, ಉದ್ದೇಶಪೂರ್ವಕ. 1998ರಲ್ಲಿ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ ಈ ಆಟ ಹೊರತಂದಿತು. ಅದರ ಪ್ರೋಗ್ರಾಮರ್ ಟಾಮ್ ಲಿಯೊನಾರ್ಡ್ ಕಾವಲುಗಾರರ ಇಂದ್ರಿಯಗಳನ್ನು ಹೇಗೆ ಕಟ್ಟಿದ್ದು ಅಂತ ಆಮೇಲೆ ವಿವರವಾಗಿ ಬರೆದಿದ್ದಾರೆ. ಕಾವಲುಗಾರನಿಗೆ ಒಂದೇ ದೃಷ್ಟಿಯಿಲ್ಲ. ಕಣ್ಣಿನಿಂದ ಹೊರಟು ಅಗಲವಾಗುತ್ತ ಹೋಗುವ, ಒಂದರೊಳಗೊಂದು ಸೇರಿದ ನೋಟದ ಹಲವು ಶಂಕುಗಳಿವೆ. ನೇರ ಮುಂದಿನದು ಚುರುಕು, ಕಡೆಗಣ್ಣಿನದು ಮಂದ. ಅದರ ಜೊತೆಗೆ ಬೆನ್ನ ಹಿಂದಕ್ಕೂ ಒಂದು ಚಿಕ್ಕ ಶಂಕು. ಯಾರೋ ಹಿಂದೆ ನಿಂತಿದ್ದಾರೆ ಅಂತ ಕತ್ತಿನ ಹಿಂಭಾಗಕ್ಕೆ ತಿಳಿಯುತ್ತದಲ್ಲ, ಅದಕ್ಕಾಗಿ. ಕಾವಲುಗಾರನ ಹಿಂದೆ ಅಂಟಿಕೊಂಡು ಊರೆಲ್ಲ ಸುತ್ತುವ ನಮ್ಮಂಥವರಿಗೆಂದೇ ಇಟ್ಟ ಮದ್ದು. ಹಿಂದಿನಿಂದ ಬಂದರೆ ಕೆಲಸ ಮುಗಿಸಿ ಸರಿದುಬಿಡಿ, ನಿಂತು ಸೊಗಸು ನೋಡಬೇಡಿ.

ಪರದೆಯ ಕೆಳಗಿನ ಹರಳನ್ನು ಗಮನಿಸುತ್ತಿದ್ದೀರಿ ತಾನೇ? ಅದು ಹೊಳೆದಷ್ಟೂ ನೀವು ಕಾಣುತ್ತಿದ್ದೀರಿ ಅಂತ ಅರ್ಥ. ಕಣ್ಣು ಮುಚ್ಚಿದ ಬೆಕ್ಕಿಗೆ ಕೊಟ್ಟ ಕನ್ನಡಿ ಅದು. ಕತ್ತಿ ಹಿರಿದು ನಿಂತರೆ ಅದೇ ಜಾಗದಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತೀರಿ. ಅನೇಕರು ಇದನ್ನು ಗಮನಿಸುವುದಿಲ್ಲ.

ಪ್ರಶ್ನೆ: ಅದೇ ಆಟದಲ್ಲಿ ಹೆಜ್ಜೆ ಸಪ್ಪಳ ಕೇಳಿ ಕಾವಲುಗಾರ ಎಲ್ಲಿದ್ದಾನೆ ಅಂತ ಹೇಳುವವರಿದ್ದಾರೆ. ನನಗೆ ಎಲ್ಲ ಕಡೆಯಿಂದಲೂ ಒಂದೇ ಥರ ಕೇಳುತ್ತದೆ.

ಉತ್ತರ: ಈ ಪ್ರಶ್ನೆಗೆ ಉತ್ತರಿಸಲು ನನಗೊಂದು ವಿಶೇಷ ಅರ್ಹತೆಯಿದೆ. ನನ್ನ ಎಡಗಿವಿ ಚಿಕ್ಕಂದಿನಿಂದಲೇ ಕೇಳುವುದಿಲ್ಲ. ಎರಡೂ ಕಿವಿ ನೆಟ್ಟಗಿರುವವರಿಗೆ ದಿಕ್ಕು ತಾನಾಗಿ ತಿಳಿಯುತ್ತದೆ, ನಾನು ಅದನ್ನು ದುಡಿದು ಸಂಪಾದಿಸಬೇಕು.

ನಾನು ಮಾಡುವುದಿಷ್ಟು. ಹೆಡ್‌ಫೋನ್ ಹಾಕಿಕೊಂಡು, ಎಡಬಲ ಅದಲುಬದಲಾಗಿಲ್ಲ ಅಂತ ನೋಡಿಕೊಂಡು, ಗೋಡೆಗೊರಗಿ ನಿಲ್ಲುತ್ತೇನೆ. ಸಪ್ಪಳ ಬಲಗಿವಿಯಲ್ಲಿ ಅತಿ ಜೋರಾಗಿ ಕೇಳುವವರೆಗೆ ಮೌಸನ್ನು ನಿಧಾನವಾಗಿ ತಿರುಗಿಸುತ್ತೇನೆ. ಆಗ ಅವನು ನನ್ನ ನೇರ ಬಲಕ್ಕಿದ್ದಾನೆ. ಅಲ್ಲಿಂದ ಬಲಕ್ಕೆ ಕಾಲು ಸುತ್ತು ತಿರುಗಿದರೆ ಮುಖ ಅವನ ಕಡೆಗೆ. ಐದಾರು ಸೆಕೆಂಡಿನ ಕೆಲಸ. ಕಿವಿ ಚೆನ್ನಾಗಿರುವವರೂ ಒಂದು ಸಲ ಎಡಭಾಗವನ್ನು ತೆಗೆದಿಟ್ಟು ಅಭ್ಯಾಸ ಮಾಡಿ ನೋಡಿ. ದಿಕ್ಕು ಗೊತ್ತಾಗದಿದ್ದರೆ ತಿರುಗಬೇಕು ಅನ್ನುವುದು ಕೈಗೆ ಬರುತ್ತದೆ.

ಒಂದು ಎಚ್ಚರಿಕೆ. ಈ ಆಟದಲ್ಲಿ ಸದ್ದು ಗೋಡೆ ತೂರಿ ಬರುವುದಿಲ್ಲ, ಬಾಗಿಲು, ಓಣಿ, ತೆರಪುಗಳ ಮೂಲಕ ಸುತ್ತಿ ಬರುತ್ತದೆ. ಹಾಗಾಗಿ ಅನೇಕ ಸಲ ನೀವು ಕಂಡುಹಿಡಿಯುವುದು ಕಾವಲುಗಾರನನ್ನಲ್ಲ, ಅವನು ಬರುವ ಬಾಗಿಲನ್ನು. ನಿಜಕ್ಕೂ ಬೇಕಾದದ್ದೂ ಅದೇ. ನಿಮ್ಮ ಸದ್ದು ಅವನನ್ನು ಮುಟ್ಟುವುದೂ ಅದೇ ದಾರಿಯಲ್ಲಿ. ದಾಟಿದ ಬಾಗಿಲನ್ನು ಎಳೆದುಕೊಂಡರೆ ಆಚೆಯವನಿಗೆ ನಿಮ್ಮ ಹೆಜ್ಜೆ ತಲುಪುವುದು ಕಷ್ಟ.

ನೆಲದ ವಿಷಯ ನಿಮಗಾಗಲೇ ಗೊತ್ತಿರಬಹುದು. ಕಬ್ಬಿಣದ ಜಾಲರಿ, ನುಣುಪು ಟೈಲ್ಸ್ ಶತ್ರುಗಳು. ಹುಲ್ಲು, ರತ್ನಗಂಬಳಿ ಮಿತ್ರರು. ಟೈಲ್ಸ್ ದಾಟಲೇಬೇಕಾದರೆ ಪಾಚಿಯ ಬಾಣ ಹೊಡೆಯಿರಿ, ಬಿದ್ದಲ್ಲಿ ನೆಲ ಮೆತ್ತಗಾಗುತ್ತದೆ. ಅದನ್ನು ಮುಂದೆ ಬೇಕಾದೀತು ಅಂತ ಜೋಪಾನ ಮಾಡುತ್ತ ಮಿಷನ್ ಮುಗಿಯುವಾಗಲೂ ಹನ್ನೆರಡು ಬಾಣ ಉಳಿಸಿಕೊಂಡಿರುತ್ತಿದ್ದ ಜಿಪುಣಿ ನಾನು. ಮುಂದಿನ ಮಿಷನ್ನಿಗೆ ಅವು ಬರುವುದೇ ಇಲ್ಲ ಅಂತ ತಿಳಿಯುವ ಹೊತ್ತಿಗೆ ಆಟದ ಅರ್ಧ ಮುಗಿದಿತ್ತು, ಬುದ್ಧಿ ಮಾತ್ರ ಬರಲಿಲ್ಲ.

ಪ್ರಶ್ನೆ: ‘ಡಿಸ್‌ಆನರ್ಡ್’ನಲ್ಲಿ ಯಾರನ್ನೂ ಕೊಂದಿಲ್ಲ, ಪ್ರಜ್ಞೆ ತಪ್ಪಿಸಿದ್ದು ಮಾತ್ರ. ಆದರೂ ಕೊನೆಯಲ್ಲಿ ಒಂದು ಸಾವು ತೋರಿಸಿತು.

ಉತ್ತರ: ಎಲ್ಲಿ ಮಲಗಿಸಿದಿರಿ? ಇಲಿಗಳ ಹಿಂಡು ಓಡಾಡುವ ಕಡೆ ನೆಲದ ಮೇಲೆ ಬಿಟ್ಟರೆ ತಿಂದುಹಾಕುತ್ತವೆ, ಅದು ನಿಮ್ಮ ಖಾತೆಗೇ. ನೀರಿಗೆ ಬಿದ್ದರೆ ಮುಳುಗಿ ಸಾಯುತ್ತಾನೆ, ಎತ್ತರದಿಂದ ಜಾರಿ ಬಿದ್ದರೂ ಅಷ್ಟೇ. ಕಸದ ತೊಟ್ಟಿಯ ಒಳಗೆ ಅಥವಾ ಎತ್ತರದ ಕಟ್ಟೆಯ ಮೇಲೆ ಇಡಿ. ಅದಕ್ಕಿಂತ ಒಳ್ಳೆಯದು, ಮುಟ್ಟದೆ ದಾಟಿಹೋಗುವುದು. ಮಲಗಿಸಿದ ಪ್ರತಿಯೊಬ್ಬನೂ ಆಮೇಲೆ ನೀವು ಕಾಯಬೇಕಾದ ಒಂದು ಗಂಟು.

ಪ್ರಶ್ನೆ: ಪ್ರತಿ ಹತ್ತು ಹೆಜ್ಜೆಗೊಮ್ಮೆ ಸೇವ್ ಮಾಡಿ, ಯಾರಾದರೂ ನನ್ನನ್ನು ನೋಡಿದರೆ ಲೋಡ್ ಮಾಡುತ್ತೇನೆ. ತಪ್ಪೇ?

ಉತ್ತರ: ನಿಮ್ಮ ಆಟ, ನಿಮ್ಮ ಸಂಜೆ. ನನ್ನ ತಕರಾರು ನೀತಿಯದ್ದಲ್ಲ. ಸಿಕ್ಕಿಬಿದ್ದ ಕ್ಷಣವೇ ಲೋಡ್ ಒತ್ತಿದರೆ ಯಾರು ನೋಡಿದರು, ಎಲ್ಲಿಂದ ನೋಡಿದರು ಅನ್ನುವುದು ಕೊನೆಗೂ ತಿಳಿಯುವುದಿಲ್ಲ. ಮೊದಲ ಪತ್ರದವರ ಕಾಯಿಲೆ ನಿಮಗೂ ಬರುತ್ತದೆ. ಹಾಳಾದ ಆಟವನ್ನು ಒಂದು ನಿಮಿಷ ಮುಂದುವರಿಸಿ, ತಿರುಗಿ ಆ ಮನುಷ್ಯ ನಿಂತ ಜಾಗ ನೋಡಿ, ಆಮೇಲೆ ಒತ್ತಿ.

ಪ್ರಶ್ನೆ: ‘ಏಲಿಯನ್: ಐಸೊಲೇಶನ್’ನಲ್ಲಿ ಲಾಕರ್ ಒಳಗೆ ಬಚ್ಚಿಟ್ಟುಕೊಂಡೇ ಇರುತ್ತೇನೆ. ಬೇಟೆಯಾಡುವ ಅನ್ಯಗ್ರಹದ ಪ್ರಾಣಿ ಅಲ್ಲಿಂದ ಹೋಗುವುದೇ ಇಲ್ಲ.

ಉತ್ತರ: ಹೋಗುವುದಿಲ್ಲ, ಯಾಕೆಂದರೆ ಆಟಕ್ಕೆ ನೀವೆಲ್ಲಿದ್ದೀರಿ ಅಂತ ಗೊತ್ತು. 2014ರ ಈ ಆಟದಲ್ಲಿ ಪ್ರಾಣಿಯ ಬುದ್ಧಿಯ ಮೇಲೆ ಇನ್ನೊಂದು ಬುದ್ಧಿ ಕೂತಿದೆ. ಅದು ನಿಮ್ಮ ನೆಲೆಯನ್ನು ನಿಖರವಾಗಿ ಹೇಳಿಕೊಡುವುದಿಲ್ಲ, ‘ಈ ಸುತ್ತಮುತ್ತ ಹುಡುಕು’ ಅಂತ ಅಟ್ಟುತ್ತದೆ. ಹುಡುಕುವ ಕೆಲಸ ಪ್ರಾಣಿಯ ಕಣ್ಣು ಕಿವಿಗಳದ್ದು. ಲಾಕರ್ ಹತ್ತಿರ ಬಂದಾಗ ಹಿಂದಕ್ಕೆ ಒರಗಿ ಉಸಿರು ಹಿಡಿಯಿರಿ, ಅತಿಯಾಗಿ ಹಿಡಿದರೆ ಮೈಗೇ ಪೆಟ್ಟು. ಅದು ತಿರುಗಿದ ಕೂಡಲೇ ಹೊರಬಿದ್ದು ಅದು ಈಗಷ್ಟೇ ನೋಡಿಹೋದ ಕಡೆಗೆ ಸರಿಯಿರಿ. ಕೈಯಲ್ಲಿರುವ, ಸುತ್ತಲಿನ ಚಲನೆ ತೋರಿಸುವ ಟ್ರ್ಯಾಕರ್ ಯಂತ್ರ ಟಿಕ್ ಟಿಕ್ ಅನ್ನುವುದು ತೀರ ಹತ್ತಿರ ಬಂದಾಗ ಅದಕ್ಕೂ ಕೇಳುತ್ತದೆ, ಕೆಳಗಿಳಿಸಿ. ಮೇಜಿನ ಕೆಳಗಿರುವುದು ನನಗಿಷ್ಟ. ಅದರ ಕಾಲಾದರೂ ಕಾಣುತ್ತದೆ.

ಪ್ರಶ್ನೆ: ಇಂಥ ಆಟ ಅರ್ಧ ಗಂಟೆ ಆಡಿದರೆ ತಲೆ ಸುತ್ತಿ ವಾಕರಿಕೆ ಬರುತ್ತದೆ.

ಉತ್ತರ: ಸೆಟ್ಟಿಂಗ್ಸ್‌ನಲ್ಲಿ ಫೀಲ್ಡ್ ಆಫ್ ವ್ಯೂ, ಅಂದರೆ ಪರದೆಯಲ್ಲಿ ಕಾಣುವ ನೋಟದ ಅಗಲ, ಇದ್ದರೆ ಹೆಚ್ಚಿಸಿ. ನಡೆಯುವಾಗ ತಲೆ ಕುಣಿಯುವ ಆಯ್ಕೆ, ಚಿತ್ರ ಮಸುಕಾಗಿಸುವ ಮೋಷನ್ ಬ್ಲರ್, ಎರಡನ್ನೂ ಆಫ್ ಮಾಡಿ. ಕೋಣೆಯ ದೀಪ ಹಾಕಿಕೊಳ್ಳಿ, ಪರದೆಯಿಂದ ತುಸು ದೂರ ಕೂತುಕೊಳ್ಳಿ. ವಾಕರಿಕೆ ಶುರುವಾದ ಮೇಲೆ ಹಟಕ್ಕೆ ಬಿದ್ದು ಆಡಬೇಡಿ, ಇನ್ನೂ ಹೆಚ್ಚುತ್ತದೆ.

ಪ್ರಶ್ನೆ: ಇಷ್ಟೆಲ್ಲ ಹೇಳುತ್ತೀರಿ. ನೀವು ಒಮ್ಮೆಯೂ ಯಾರ ಕಣ್ಣಿಗೂ ಬೀಳದೆ ಆಟ ಮುಗಿಸಿದ್ದೀರಾ?

ಉತ್ತರ: ‘ಡಿಸ್‌ಆನರ್ಡ್’ನ ಘೋಸ್ಟ್ ಸಾಧನೆ ಸಿಕ್ಕಿದೆ, ಮೂರನೆಯ ಸಲ ಪೂರ್ತಿ ಆಡಿದಾಗ. ಮೊದಲ ಸಲದ್ದು ಬಿಡಿ. ಎರಡನೆಯ ಸಲ ಮುಖವಾಡದ ಔತಣಕೂಟದ ಮಿಷನ್ನಿನಲ್ಲಿ ಕೆಟ್ಟಿತು. ಅಲ್ಲಿ ನೀವು ಅತಿಥಿ, ಎಲ್ಲರೆದುರು ರಾಜಾರೋಷವಾಗಿ ಓಡಾಡಬಹುದು. ಬಚ್ಚಿಟ್ಟುಕೊಳ್ಳುವ ಅಗತ್ಯವೇ ಇಲ್ಲದ ಖುಷಿಯಲ್ಲಿ, ಅತಿಥಿಗಳು ಹೋಗಬಾರದ ಮಹಡಿಗೂ ಅದೇ ಠೀವಿಯಲ್ಲಿ ಹತ್ತಿಬಿಟ್ಟೆ.

‘ಥೀಫ್’ ಎರಡನೆಯ ಭಾಗದಲ್ಲಿ ಠಾಣೆಯೊಳಗೆ ನುಗ್ಗಿ ಒಬ್ಬ ಅಧಿಕಾರಿಯ ತಲೆಗೆ ಕಳ್ಳತನ ಕಟ್ಟಿಬರುವ ಮಿಷನ್ ಒಂದಿದೆ. ಎಕ್ಸ್‌ಪರ್ಟ್ ಮಟ್ಟದಲ್ಲಿ ಯಾರನ್ನೂ ಕೊಲ್ಲುವಂತಿಲ್ಲ, ಪ್ರಜ್ಞೆ ತಪ್ಪಿಸುವಂತೆಯೂ ಇಲ್ಲ. ಅದನ್ನು ನಾನು ಇನ್ನೂ ಮುಗಿಸಿಲ್ಲ. ನನ್ನ ಎಡಗಡೆಯಿಂದ ಬರುವ ಒಬ್ಬ ಕಾವಲುಗಾರನಿದ್ದಾನೆ. ಬಲಕ್ಕೆ ತಿರುಗಿ ಕೇಳಿಸಿಕೊಂಡೆ, ಇಣುಕಿದೆ, ಅವನ ಗಸ್ತನ್ನು ಪೂರ್ತಿ ಎರಡು ಸುತ್ತು ಕಾದೆ. ಹೋದ ವಾರ ಮತ್ತೆ ಹಿಡಿದ. ಯಾರಿಗಾದರೂ ಆ ಓಣಿ ದಾಟುವ ದಾರಿ ಗೊತ್ತಿದ್ದರೆ ಈ ಅಂಕಣಕ್ಕೆ ಬರೆಯಿರಿ.