ಚಹಾ ಕುಡಿಯುವವರೂ ಕನ್ನಡಿಗರೇ, ಅಕ್ಕೋರೇ

ಗದಗದಿಂದ ಒಬ್ಬ ನಿವೃತ್ತ ಶಿಕ್ಷಕಿ ಬರೆದಿದ್ದಾರೆ: “ಹೋದ ಸಂಚಿಕೆಯಲ್ಲಿ ‘ಕಾಫಿ ಇಲ್ಲದೆ ಕನ್ನಡಿಗನಿಗೆ ಬೆಳಗಾಗುವುದಿಲ್ಲ’ ಅಂತ ಬರೆದೀರಿ. ನಮ್ಮ ಮನ್ಯಾಗ ಮೂರು ತಲೆಮಾರಿನಿಂದ ಚಹಾ. ಹಂಗಾರ ನಾವು ಕನ್ನಡಿಗರಲ್ಲೇನು? ಕಾಫಿ ಬೆಳೆಯೋದು ನಮ್ಮ ರಾಜ್ಯದಾಗ, ಆದರೂ ಅದು ನಮ್ಮ ಕಡೆ ಯಾಕ ಬರಲಿಲ್ಲ? ಇನ್ನೊಂದು ಮಾತು. ಬೆಂಗಳೂರಿನಲ್ಲಿರುವ ಮಗ ದೀಪಾವಳಿಗೆ ಬರುವಾಗ ಫಿಲ್ಟರು, ಪುಡಿ ಎರಡೂ ತಂದ. ಪಾಕೀಟಿನ ಮೇಲೆ ಚಿಕೋರಿ ಶೇ 40 ಅಂತ ಇದೆ. ಇದು ಕಲಬೆರಕೆ ಅಲ್ಲೇನು?”

ಅಕ್ಕೋರೇ,

ನಿಮ್ಮ ಕಡೆ ಟೀಚರಮ್ಮನನ್ನು ಹೀಗೇ ಕರೆಯುತ್ತಾರೆ ಅಂತ ನಮ್ಮ ಕಚೇರಿಯಲ್ಲಿರುವ ರೋಣದ ಹುಡುಗ ಹೇಳಿಕೊಟ್ಟ. ತಪ್ಪಾಗಿದ್ದರೆ ಅವನ ಕಿವಿ ಹಿಂಡಿ.

ಆ ವಾಕ್ಯ ಲೇಖಕರದಲ್ಲ, ನನ್ನದು. ಲೇಖನದ ಶುರು ಸಪ್ಪೆ ಅನ್ನಿಸಿತು, ಮೇಲೊಂದು ಸಾಲು ಅಂಟಿಸಿದೆ. ಅಂಟಿಸುವಾಗ ಎದುರಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಹೊಗೆಯಾಡುತ್ತಿತ್ತು. ಇಡೀ ರಾಜ್ಯವೇ ಅದನ್ನು ಕುಡಿಯುತ್ತಾ ಕೂತಿದೆ ಅಂದುಕೊಂಡುಬಿಟ್ಟೆ. ತಪ್ಪಾಯಿತು.

ಈಗ ನಿಮ್ಮ ಮೊದಲ ಪ್ರಶ್ನೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದೇ. ಅದರಲ್ಲೂ ಹೆಚ್ಚುಕಮ್ಮಿ ಎಲ್ಲವೂ ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳದ್ದು. ಆದರೆ ದೇಶದಲ್ಲಿ ಬೆಳೆದ ಕಾಫಿಯ ಮೂರರಲ್ಲಿ ಎರಡು ಪಾಲು ಹಡಗು ಹತ್ತಿ ಇಟಲಿ, ಜರ್ಮನಿ, ರಷ್ಯಾ ಅಂತ ಹೋಗುತ್ತದೆ. ಚಹಾದ್ದು ಪೂರ್ತಿ ಉಲ್ಟಾ. ನಾವು ಬೆಳೆದದ್ದರಲ್ಲಿ ಸುಮಾರು ಶೇ 80 ನಾವೇ ಕುಡಿದು ಮುಗಿಸುತ್ತೇವೆ.

ಬೆಳೆಯುವ ಮನೆಯಲ್ಲಿ ಎಂಥ ಕಾಫಿ ಕುಡಿಯುತ್ತಿದ್ದರು ಅಂತ ಹೇಳುತ್ತೇನೆ ಕೇಳಿ. ನನ್ನ ಅಜ್ಜಿಯ ಮನೆ ಸಕಲೇಶಪುರದ ಹತ್ತಿರ. ಹಣ್ಣು ಕುಯ್ದು, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ ಕ್ಯೂರಿಂಗ್ ವರ್ಕ್ಸ್‌ಗೆ (ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಕಳಿಸುತ್ತಿದ್ದರು. ಆಗ ಕಾಫಿ ಮಂಡಳಿಯ ‘ಪೂಲ್’ ಕಾಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಯನ್ನು ಮಂಡಳಿಗೇ ಒಪ್ಪಿಸಬೇಕು. ಮನೆ ಖರ್ಚಿಗೆ, ಬಿತ್ತನೆಗೆ ಅಂತ ಒಂದಿಷ್ಟು ಇಟ್ಟುಕೊಳ್ಳಬಹುದಿತ್ತು, ಅಷ್ಟೇ. ತೊಂಬತ್ತರ ದಶಕದಲ್ಲಿ ಆ ಕಟ್ಟು ಸಡಿಲವಾಯಿತು. ಇಟ್ಟುಕೊಳ್ಳಲು ಅವಕಾಶವಿದ್ದರೂ ಅಜ್ಜಿಗೆ ಒಳ್ಳೆ ಬೀಜ ಮನೆಗೆ ಅಂತ ತೆಗೆದಿಡಲು ಮನಸ್ಸು ಬರುತ್ತಿರಲಿಲ್ಲ. ಕಣ ಗುಡಿಸಿದಾಗ ಸಿಕ್ಕ ಒಡಕು ಬೀಜ, ಜೊಳ್ಳು, ಇವೇ ನಮ್ಮ ಪಾಲಿಗೆ. ಕಬ್ಬಿಣದ ಬಾಣಲೆಯಲ್ಲಿ ಹುರಿಯುತ್ತಿದ್ದರು. ಹೊಗೆ ಅಡುಗೆಮನೆ ದಾಟಿ ಕೊಟ್ಟಿಗೆವರೆಗೂ ಹೋಗುತ್ತಿತ್ತು. ಒರಳಲ್ಲಿ ಕುಟ್ಟಿ, ಬೆಲ್ಲದ ನೀರು ಕುದಿ ಬಂದಾಗ ಪುಡಿ ಹಾಕಿ ಇಳಿಸಿ, ಗಸಿ ಕೂರಲಿ ಅಂತ ಮುಚ್ಚಿಡುತ್ತಿದ್ದರು. ಹಾಲು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಫಿಲ್ಟರ್ ಅನ್ನುವ ವಸ್ತುವನ್ನು ನಾನು ಕಂಡದ್ದೇ ಬೆಂಗಳೂರಿಗೆ ಓದಲು ಬಂದಮೇಲೆ.

ಯಾವ ಊರಿಗೆ ಯಾವ ಕುಡಿತ (ಒಳ್ಳೆ ಅರ್ಥದಲ್ಲೇ ಹೇಳುತ್ತಿದ್ದೇನೆ) ಅನ್ನುವುದು ತೋಟ ಎಷ್ಟು ದೂರ ಅನ್ನುವುದರ ಮೇಲೆ ನಿಂತಿಲ್ಲ. ಕಿರಾಣಿ ಸಾಮಾನು ಯಾವ ದಾರಿಯಲ್ಲಿ ಬರುತ್ತಿತ್ತು ಅನ್ನುವುದರ ಮೇಲೆ ನಿಂತಿದೆ. 1956ರ ನವೆಂಬರ್ 1ರವರೆಗೆ ನಿಮ್ಮ ಗದಗ, ಧಾರವಾಡ, ಬೆಳಗಾವಿ, ವಿಜಯಪುರ ಎಲ್ಲ ಮುಂಬೈಗೆ ಸೇರಿದ್ದವು. ಗದಗ ಜಂಕ್ಷನ್ನಿನಿಂದ ಒಂದು ಹಳಿ ಹೊಟಗಿಗೆ ಹೋಗುತ್ತದೆ, ಅಲ್ಲಿಂದ ಸೊಲ್ಲಾಪುರ, ಪುಣೆ, ಮುಂಬೈ. ಚಹಾಪುಡಿ ಬಂದದ್ದೂ ಆ ಕಡೆಯಿಂದ, ಜೊತೆಗೆ ಹೆಸರೂ ಬಂತು. ನೀವು ‘ಚಹಾ’ ಅನ್ನುತ್ತೀರಿ, ಮರಾಠಿಯವರೂ ‘ಚಹಾ’ ಅನ್ನುತ್ತಾರೆ. ಬೆಂಗಳೂರಿನವರು ಇಂಗ್ಲಿಷಿನಿಂದ ಎತ್ತಿಕೊಂಡ ‘ಟೀ’ ಅನ್ನುತ್ತಾರೆ. ಕಲಬುರಗಿ, ಬೀದರ್ ಕಡೆಯವರು ನಿಜಾಮರ ಹೈದರಾಬಾದಿನ ಕಡೆ ಮುಖ ಮಾಡಿದ್ದವರು. ಇರಾನಿ ಚಾಯ್ ಅಲ್ಲಿಗೆ ಹೊಸದಲ್ಲ.

ಚಹಾ ಕಂಪನಿಗಳೂ ಸುಮ್ಮನೆ ಕೂತಿರಲಿಲ್ಲ. 1930ರ ದಶಕದಲ್ಲಿ ಹೊರದೇಶದ ಮಾರುಕಟ್ಟೆ ಕುಸಿದಾಗ ಇಲ್ಲೇ ಗಿರಾಕಿ ಹುಡುಕಲು ಹೊರಟರು. ಊರೂರಿಗೆ ಹೋಗಿ ಪುಕ್ಕಟೆ ಕಪ್ ಹಂಚಿದರು, ಚಹಾ ಮಾಡುವುದು ಹೇಗೆ ಅಂತ ರೈಲು ನಿಲ್ದಾಣಗಳಲ್ಲಿ ಎನಾಮಲ್ ಬೋರ್ಡು ಹಾಕಿದರು. ಕಾಫಿಯವರೂ ಅದೇ ಕಷ್ಟಕ್ಕೆ ಕಾಫಿ ಹೌಸ್ ತೆರೆದರು. ತಮಾಷೆ ನೋಡಿ, ಮೊದಲನೆಯದು ತೆರೆದದ್ದು 1936ರಲ್ಲಿ, ಮುಂಬೈಯಲ್ಲಿ! ಆದರೆ ಕಾಫಿ ಹೌಸ್ ದೊಡ್ಡ ಊರು ಬಿಟ್ಟು ಇಳಿಯಲಿಲ್ಲ. ಚಹಾ ಹಳ್ಳಿಯ ಬಸ್ ಸ್ಟ್ಯಾಂಡಿಗೂ ಹೋಯಿತು.

ಅದಕ್ಕೆ ಕಾರಣ ಸಿಟಿಸಿ. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಕಾಳಿನಂತೆ ಮಾಡುವ ಯಂತ್ರ 1930ರ ಹೊತ್ತಿಗೆ ಅಸ್ಸಾಮಿನಲ್ಲಿ ಹುಟ್ಟಿತು. ಸ್ವಾತಂತ್ರ್ಯದ ನಂತರ ಎಲ್ಲೆಡೆ ಹಬ್ಬಿತು. ಆ ಕಾಳು ಸ್ವಲ್ಪವೇ ಹಾಕಿದರೂ ಬಣ್ಣ, ಒಗರು ಎರಡನ್ನೂ ಧಾರಾಳ ಬಿಡುತ್ತದೆ. ಹಾಲು, ಸಕ್ಕರೆ ಎಷ್ಟು ಸುರಿದರೂ ಸೋಲುವುದಿಲ್ಲ. ಒಂದು ಲೋಟ ಚಹಾಕ್ಕೆ 2-3 ಗ್ರಾಂ ಪುಡಿ ಸಾಕು. ಫಿಲ್ಟರ್ ಕಾಫಿಗೆ 8-10 ಗ್ರಾಂ ಬೇಕು, ಮೇಲೆ ಡಿಕಾಕ್ಷನ್ ಇಳಿಯುವವರೆಗೆ ಕಾಯಬೇಕು. ಬಸ್ಸು ಐದು ನಿಮಿಷ ನಿಲ್ಲುವ ಊರಲ್ಲಿ ಯಾರು ಕಾಯುತ್ತಾರೆ?

ಈ ದಾರಿಯ ಲೆಕ್ಕ ಎಲ್ಲ ಕಡೆಗೂ ಹೊಂದುತ್ತದೆ ಅಂತ ಹೇಳಲಾರೆ. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಮದ್ರಾಸು ಕಾಫಿಯ ಊರು. ಆದರೂ ಮಂಗಳೂರಿನಲ್ಲಿ ಗೆಳೆಯ ಸಿಕ್ಕರೆ ‘ಚಾ ಪರ್ಕ’ ಅಂತಲೇ ಕರೆಯುತ್ತಾನೆ. ಪಕ್ಕದ ಕೇರಳದ ಚಾಯ ಅಲ್ಲಿ ಜೋರು. ಅದೇ ಕರಾವಳಿಯ ಉಡುಪಿಯವರು ಘಟ್ಟ ಹತ್ತಿ ಬಂದು ಹೋಟೆಲ್ ಇಟ್ಟು ಬೆಂಗಳೂರು, ಮೈಸೂರಿಗೆಲ್ಲ ಕಾಫಿ ಕುಡಿಸಿದರು. ಎಂಬತ್ತರ ದಶಕದಿಂದ ಬಂದ ದರ್ಶಿನಿಗಳಲ್ಲಿ ನಿಂತುಕೊಂಡೇ ಬೈಟು ಕಾಫಿ. ಇನ್ನು ಶಿರಸಿ, ಸಿದ್ದಾಪುರದ ಕಡೆ ಹೋದರೆ ‘ಕಾಫಿಯೋ ಚಹಾವೋ’ ಅಂತ ಕೇಳುವ ಮೊದಲೇ ‘ಕಷಾಯ ಆಗಬಹುದಾ?’ ಅನ್ನುತ್ತಾರೆ. ಕೊತ್ತಂಬರಿ ಬೀಜ ಜಾಸ್ತಿ, ಜೀರಿಗೆ ಅದಕ್ಕಿಂತ ಕಮ್ಮಿ, ಕಾಳುಮೆಣಸು, ಮೆಂತ್ಯ ಚೂರೇ ಚೂರು. ಹುರಿದು ಪುಡಿ ಮಾಡಿ, ಹಾಲು ಬೆಲ್ಲದ ಜೊತೆ ಕುಡಿಯುವುದು. 2020ರಲ್ಲಿ ಕೊರೊನಾ ಬಂದಾಗ ಬೆಂಗಳೂರಿನವರು ಇದನ್ನೇ ಹೊಸದಾಗಿ ಕಂಡುಹಿಡಿದ ಹಾಗೆ ಕುಡಿದರು. ಈಗ ಪಾಕೀಟಿನಲ್ಲೂ ಸಿಗುತ್ತದೆ, ನನಗೆ ಇಷ್ಟವಾಗಿಲ್ಲ.

ಚಿಕೋರಿಗೆ ಬರೋಣ. ಅದು ಗಿಡದ ಬೇರು. ಗುಜರಾತ್, ಉತ್ತರ ಪ್ರದೇಶದಲ್ಲಿ ಬೆಳೆಯುತ್ತಾರೆ. ಒಣಗಿಸಿ, ಹುರಿದು, ಪುಡಿ ಮಾಡುತ್ತಾರೆ. ಕೆಫೀನ್ ಇಲ್ಲ. ನೀರಿನಲ್ಲಿ ಕಾಫಿಗಿಂತ ಹೆಚ್ಚು ಕರಗುತ್ತದೆ, ಆದ್ದರಿಂದ ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ, ಸ್ವಲ್ಪ ಸಿಹಿಗಹಿಯಾಗಿ ಇಳಿಯುತ್ತದೆ. ಪಾಕೀಟಿನ ಮೇಲೆ ಎಷ್ಟು ಅಂತ ಅಚ್ಚು ಹಾಕಿದ್ದರೆ ಕಲಬೆರಕೆ ಅಲ್ಲ. ಕಾನೂನಿನ ಪ್ರಕಾರ ಕಾಫಿ ಕನಿಷ್ಠ ಶೇ 51 ಇದ್ದರೆ ಸಾಕು. ನಿಮ್ಮ ಮಗ ತಂದದ್ದು ಅದರೊಳಗೇ ಇದೆ. ಆದರೆ ಒಂದು ಕಿಲೋ ಕೊಂಡರೆ ಕಾಫಿ ಸಿಕ್ಕಿದ್ದು 600 ಗ್ರಾಂ ಅನ್ನುವುದು ನೆನಪಿರಲಿ.

ನಿಮ್ಮ ಪತ್ರ ಬಂದ ದಿನ ಒಂದು ಪರೀಕ್ಷೆ ಮಾಡಿದೆ. ಗಾಜಿನ ಲೋಟದ ತುಂಬ ತಣ್ಣೀರು. ಮೇಲೆ ನಮ್ಮ ಕಚೇರಿಯ ಪುಡಿ ಒಂದು ಚಿಟಿಕೆ ಉದುರಿಸಿದೆ, ಅಲ್ಲಾಡಿಸಲಿಲ್ಲ. ಕಾಫಿ ತೇಲುತ್ತದೆ, ಚಿಕೋರಿ ಮುಳುಗುತ್ತದೆ. ಕಂದು ಬಣ್ಣದ ಎಳೆಗಳು ಒಂದೊಂದಾಗಿ ತಳಕ್ಕೆ ಇಳಿಯತೊಡಗಿದವು, ಮಳೆಗಾಲದಲ್ಲಿ ಮಣ್ಣುಗೋಡೆಯ ಮೇಲೆ ನೀರು ಇಳಿದ ಹಾಗೆ. ಎರಡು ನಿಮಿಷದಲ್ಲಿ ಲೋಟದ ಅಡಿ ಪೂರ್ತಿ ಕಂದು. ಅಂಗಡಿಯವನು ‘ಎಂಬತ್ತು ಇಪ್ಪತ್ತು ಸರ್’ ಅಂತ ಹೇಳಿ ಕೊಟ್ಟ ಪುಡಿ ಅದು. ಈ ಪರೀಕ್ಷೆ ಚಿಕೋರಿ ಇದೆಯಾ ಇಲ್ಲವಾ ಅಂತ ಹೇಳುತ್ತದೆ, ಎಷ್ಟಿದೆ ಅಂತ ಹೇಳುವುದಿಲ್ಲ. ಆದರೂ ನನಗೆ ಅನುಮಾನ ಬಂದಿದೆ. ಮುಂದಿನ ಸಲ ಕಣ್ಣೆದುರೇ ಬೀಸಿ ಕೊಡುವ ಅಂಗಡಿಗೆ ಹೋಗುತ್ತೇನೆ.

ಬೆಲೆ ಏರಿದಾಗ ಚಿಕೋರಿಯೂ ಏರುತ್ತದೆ. ಬ್ರೆಜಿಲ್, ವಿಯೆಟ್ನಾಂನಲ್ಲಿ ಬರ ಬಂದು 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ತಳಿಯ ಕಾಫಿ ಪೌಂಡಿಗೆ 4 ಡಾಲರ್ ದಾಟಿತು. ಅದೇ ವರ್ಷ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ. ನಮ್ಮ ಬೀದಿಯ ಪುಡಿ ಅಂಗಡಿಯವರು ಹೇಳುವ ಹಾಗೆ, ಮೊದಲು ‘ಪ್ಯೂರ್ ಕೊಡಿ’ ಅನ್ನುತ್ತಿದ್ದವರು ಈಗ ‘ಮೂವತ್ತು ಹಾಕಿಬಿಡಿ’ ಅನ್ನುತ್ತಾರಂತೆ. ನನ್ನ ನಾಲಗೆಗೆ ಶೇ 15-20 ಚಿಕೋರಿ ಹಿತ. ಪೂರ್ತಿ ಶುದ್ಧ ಕಾಫಿಗೆ ಹಾಲು ಬಿದ್ದರೆ ನೀರು ನೀರು ಅನ್ನಿಸುತ್ತದೆ. ಅದಕ್ಕಿಂತ ಮುಖ್ಯ, ಚಹಾದ ಹಾಗೆ ಕುದಿಸಬೇಡಿ. ಪುಡಿಯನ್ನು ಮೇಲಿನ ಪಾತ್ರೆಗೆ ಹಾಕಿ ಮೆಲ್ಲಗೆ ಒತ್ತಿ, ಕುದ್ದ ನೀರು ಹುಯ್ದು, ಮುಚ್ಚಿ, ಮರೆತುಬಿಡಿ. ಕಾಲು ಗಂಟೆ ಬಿಟ್ಟು ನೋಡಿ. ಇಳಿದ ಡಿಕಾಕ್ಷನ್ನನ್ನು ಮತ್ತೆ ಒಲೆಯ ಮೇಲೆ ಇಡಬೇಡಿ.

ಈಗಂತೂ ಗಡಿಗಳೆಲ್ಲ ಕಲಸಿಹೋಗುತ್ತಿವೆ. ನಿಮ್ಮ ಕಡೆಗೆ ಕಾಫಿ ಮೊದಲು ಬಂದದ್ದು ಇನ್‌ಸ್ಟಂಟ್ ಪುಡಿಯ ಪೊಟ್ಟಣದ ರೂಪದಲ್ಲಿ, ಆಮೇಲೆ ಮದುವೆ ಮನೆಯ ಬುಸ್ ಅನ್ನುವ ಮಷೀನಿನಲ್ಲಿ, ನೊರೆಯ ಮೇಲೆ ಕೋಕೋ ಪುಡಿ ಉದುರಿಸಿಕೊಂಡು. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಹಿತ್ತಾಳೆ ಡವರಾದಲ್ಲಿ ಕೊಡುವ ಫಿಲ್ಟರ್ ಕಾಫಿ ಅಂಗಡಿ ನೋಡಿದೆ, ಹುಡುಗರು ಸಾಲು ನಿಂತಿದ್ದರು. ಇತ್ತ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳ ಗೇಟಿನಲ್ಲಿ ರಾತ್ರಿ ಹನ್ನೊಂದಕ್ಕೂ ಚಹಾ. ‘ಬೆಲ್ಲದ ಚಹಾ’ ಅನ್ನುವ ಬೋರ್ಡು ಮೂಲೆಮೂಲೆಗೂ ಇದೆ. ಅದನ್ನು ಮನೆಯಲ್ಲಿ ಮಾಡಲು ಹೋಗಿ ನನ್ನ ಹೆಂಡತಿ ಎರಡು ಸಲ ಹಾಲು ಒಡೆಸಿದಳು. ಬೆಲ್ಲವನ್ನು ಹಾಲಿನ ಜೊತೆ ಕುದಿಸಬಾರದು, ಒಲೆ ಆರಿಸಿದ ಮೇಲೆ ಹಾಕಬೇಕು. ನಿಮಗೆ ಇದು ಗೊತ್ತೇ ಇರುತ್ತದೆ ಬಿಡಿ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ಅದರ ಪಕ್ಕದಲ್ಲಿ ಅರ್ಧ ಪುಟ ಖಾಲಿ ಇಟ್ಟಿದ್ದೇನೆ, ಅದು ನಿಮಗೆ. ಗದಗದ ಸ್ಟೇಷನ್ ರಸ್ತೆಯ ಚಹಾದಂಗಡಿಗಳ ಬಗ್ಗೆ ಬರೆಯಿರಿ. ಯಾರು ಎಷ್ಟು ಹೊತ್ತಿಗೆ ಬಂದು ಕೂರುತ್ತಾರೆ, ಮೊದಲು ಕಪ್ಪು ಬಸಿ ಇತ್ತೋ ಗಾಜಿನ ಗ್ಲಾಸೋ, ಆಲೆಪಾಕ ಹಾಕುತ್ತಿದ್ದರೋ ಬರೀ ಶುಂಠಿಯೋ, ಉದ್ರಿ ಪುಸ್ತಕ ಇನ್ನೂ ಇದೆಯೋ, ಇಂಥವೇ ಬೇಕು. 400 ಪದದೊಳಗೆ ಇರಲಿ, ಈ ತಿಂಗಳು 20ರೊಳಗೆ ಕೈ ಸೇರಲಿ. ನಿಮ್ಮ ಮಾತಲ್ಲೇ ಬರೆಯಿರಿ. ಮೇಲೆ ಸಾಲು ಅಂಟಿಸುವುದಿಲ್ಲ, ಆಣೆ.

ಸಂಪಾದಕ