ಜಗಳವಾದರೆ ನನ್ನ ಗಂಡ ಮಾತೇ ಬಿಡುತ್ತಾರೆ. ಇದು ಅಟ್ಯಾಚ್‌ಮೆಂಟ್ ಸ್ಟೈಲಾ, ಸ್ವಭಾವವಾ? ಬದಲಾಗುತ್ತಾ?

ಕೇಳಿದಷ್ಟೂ ದೂರ ಹೋಗ್ತಾರೆ, ಪ್ರೀತಿನೇ ಇಲ್ವೇನೋ ಅನ್ನಿಸುತ್ತೆ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಹಾಗೆ ದೂರ ಹೋಗುತ್ತಿದ್ದವನು ನಾನು. ಆ ಕಡೆಯಿಂದ ಹೇಳುತ್ತೇನೆ.

ಹೆಂಡತಿ ಅತ್ತರೆ ನಾನು ಎದ್ದು ಮಹಡಿಗೆ ಹೋಗಿಬಿಡುತ್ತಿದ್ದೆ. ಅವಳು ಬಂದು ಬಾಗಿಲು ತಟ್ಟುತ್ತಿದ್ದಳು. ತಟ್ಟಿದಷ್ಟೂ ನನ್ನ ಬಾಯಿ ಕಟ್ಟುತ್ತಿತ್ತು. ಪ್ರೀತಿ ಇರಲಿಲ್ಲ ಅಂತಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಮಾತು ಸಿಗುತ್ತಿರಲಿಲ್ಲ. ಅತ್ತರೆ 'ಗಂಡುಹುಡುಗ ಅಳ್ತಾನಾ' ಅನ್ನುವ ಮನೆಯಲ್ಲಿ ಬೆಳೆದವನು ನಾನು.

ಅಟ್ಯಾಚ್‌ಮೆಂಟ್ ಸ್ಟೈಲ್ ಅಂದರೆ ಹತ್ತಿರದವರನ್ನು ನಾವು ನೆಚ್ಚಿಕೊಳ್ಳುವ ರೀತಿ. ಹೆದರಿದ ಮಗು ತನ್ನವರ ಹತ್ತಿರ ಓಡುತ್ತದೆ, ಅಲ್ಲಿ ಸಿಗುವ ಆಸರೆಯ ಮೇಲೆ ಅದರ ನಂಬಿಕೆ ಬೆಳೆಯುತ್ತದೆ ಅಂದವರು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೇಜನ್ ಮತ್ತು ಶೇವರ್ ಇದನ್ನೇ ದೊಡ್ಡವರ ಪ್ರೀತಿಯಲ್ಲೂ ಹುಡುಕಿದರು. ಈಗ ಸಾಮಾನ್ಯವಾಗಿ ಎರಡು ವಿಷಯ ಅಳೆಯುತ್ತಾರೆ: ಬಿಟ್ಟುಹೋಗ್ತಾರೇನೋ ಅನ್ನುವ ಆತಂಕ ಎಷ್ಟು, ಹತ್ತಿರ ಬಂದರೆ ಹಿಂದೆ ಸರಿಯುವುದು ಎಷ್ಟು. ಎರಡೂ ಎಲ್ಲರಲ್ಲೂ ಹೆಚ್ಚುಕಡಿಮೆ ಇರುತ್ತವೆ.

ನನ್ನನ್ನು ತಟ್ಟಿದ್ದು ಜೆಫ್ರಿ ಸಿಂಪ್ಸನ್ ಮತ್ತು ಜೊತೆಗಾರರು 1992ರಲ್ಲಿ ಮಾಡಿದ ಅಧ್ಯಯನ. ಹುಡುಗಿಗೆ ಭಯವಾಗುವಂಥ ಪರೀಕ್ಷೆ ಇದೆ ಅಂತ ಹೇಳಿ ಪ್ರೇಮಿಗಳ ಜೋಡಿಗಳನ್ನು ಕಾಯಲು ಕೂರಿಸಿದರು. ದೂರ ಸರಿಯುವ ಗಂಡಸರು, ಅವಳ ಭಯ ಹೆಚ್ಚಿದಷ್ಟೂ ಕಡಿಮೆ ಸಮಾಧಾನ ಹೇಳಿದರು. ಓದಿದಾಗ ಮಹಡಿಯ ಬಾಗಿಲು ನೆನಪಾಯ್ತು.

ಇನ್ನು ಸ್ವಭಾವ. ಬಿಟ್ಟುಹೋಗ್ತಾರೇನೋ ಅನ್ನುವ ಆತಂಕ ಜಾಸ್ತಿ ಇರುವವರಲ್ಲಿ ಬೇಗ ಕಳವಳಪಡುವ ಗುಣವೂ ಜಾಸ್ತಿ ಕಾಣುತ್ತದೆ. ಆದರೆ ಎರಡೂ ಒಂದೇ ಅಲ್ಲ. ನಾನು ಗೆಳೆಯರ ಜೊತೆ ವಾಚಾಳಿ. ಅವಳ ಕಣ್ಣಲ್ಲಿ ನೀರು ಬಂದಾಗ ಮಾತ್ರ ಮೂಕ. ಹಾಗಾಗಿ 'ಅವರ ಸ್ವಭಾವವೇ ಹಾಗೆ' ಅಂತ ಕೈಬಿಡಬೇಡಿ. ಬದಲಾಗುತ್ತದೆ, ನಿಧಾನಕ್ಕೆ.

ನಮಗೆ ದಾರಿಯಾದದ್ದು ಒಂದು ಮಾತು: 'ಅರ್ಧ ಗಂಟೆ ಕೊಡು, ಬರ್ತೀನಿ.' ಅವಳು ಬಾಗಿಲು ತಟ್ಟಬಾರದು, ನಾನು ಹೇಳಿದ ಹೊತ್ತಿಗೆ ಇಳಿದು ಬರಬೇಕು. ಮೊದಲ ಸಲ ಬಂದಾಗ ಅವಳು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಸುಲಿದೆ. ಮೊರ ಅರ್ಧ ತುಂಬುವ ಹೊತ್ತಿಗೆ ಮಾತು ತಾನಾಗಿ ಬಂತು. ಜಗಳ ಇಲ್ಲದ ದಿನ ನೋಡಿ ನಿಮ್ಮ ಮನೆಯವರ ಹತ್ತಿರ ಈ ಒಪ್ಪಂದದ ಬಗ್ಗೆ ಮಾತಾಡಿ.

ಮೌನ ದಿನಗಟ್ಟಲೆ ನಡೆದರೆ, ಅದು ನಿಮ್ಮನ್ನು ಶಿಕ್ಷಿಸಲಿಕ್ಕೇ ಅನ್ನಿಸಿದರೆ, ಅಥವಾ ಹೆದರಿಕೆಯಾದರೆ, ಅದು ಬೇರೆ ವಿಷಯ. ಆಗ ಸುಮ್ನೆ ಕಾಯಬೇಡಿ. ಒಬ್ಬರೇ ಆದರೂ ಕೌನ್ಸೆಲರ್ ಹತ್ತಿರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.