ಎಕ್ಸ್-ರೇಯಲ್ಲಿ ಏನೂ ಇಲ್ಲ ಎಂದರೂ ಮಣಿಕಟ್ಟಿನ ನೋವು ಹೋಗದಿದ್ದರೆ ಏನು ಮಾಡಬೇಕು?

ನೀವು ಕೇಳಿರುವುದು ಇಷ್ಟು: ಸಿಂಧನೂರಿನ ಹತ್ತಿರ ಬೈಕ್ ಜಾರಿ ಬಲಗೈ ಊರಿ ಬಿದ್ದಿರಿ. ಅಂದೇ ತೆಗೆಸಿದ ಎಕ್ಸ್-ರೇ ನೋಡಿ ‘ಏನೂ ಇಲ್ಲ, ಉಳುಕಿದೆ’ ಎಂದು ಮಾತ್ರೆ, ಮುಲಾಮು ಕೊಟ್ಟು ಕಳಿಸಿದರು. ಮೂರು ವಾರವಾದರೂ ಹೆಬ್ಬೆರಳಿನ ಬುಡದಲ್ಲಿ ನೋವು ಹಾಗೇ ಇದೆ. ಮನೆಯವರು ಎಲುಬು ಕಟ್ಟುವವರ ಹತ್ತಿರ ಹೋಗೋಣ ಎನ್ನುತ್ತಿದ್ದಾರೆ. ಭತ್ತದ ನಾಟಿ ಹತ್ತಿರ ಬಂದಿದೆ, ಪವರ್ ಟಿಲ್ಲರ್ ಹಿಡಿಯಬಹುದೇ?

ನಾನು ವೈದ್ಯನಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವನು. ಆದರೆ ನೀವು ಹೇಳುತ್ತಿರುವ ಅದೇ ಜಾಗದ ನೋವನ್ನು ತಿಂಗಳುಗಟ್ಟಲೆ ಹೊತ್ತು ತಿರುಗಿದ್ದೇನೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಈ ವಾರವೇ ಮೂಳೆ ವೈದ್ಯರ ಬಳಿ ಹೋಗಿ ಇನ್ನೊಮ್ಮೆ ಎಕ್ಸ್-ರೇ ತೆಗೆಸಿ. ಬಿದ್ದ ದಿನದ ಎಕ್ಸ್-ರೇಯನ್ನು ನಂಬಿ ಕೂರಬೇಡಿ.

ಕಾರಣ ಇಷ್ಟೇ. ಮಣಿಕಟ್ಟಿನಲ್ಲಿರುವ 8 ಸಣ್ಣ ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಗೆ, ಗೋಡಂಬಿಯಂತೆ ಬಾಗಿರುವ ಒಂದಕ್ಕೆ ಸ್ಕಾಫಾಯ್ಡ್ ಎನ್ನುತ್ತಾರೆ. ಅಂಗೈ ಊರಿ ಬಿದ್ದಾಗ ಈ ಎಂಟರಲ್ಲಿ ಹೆಚ್ಚಾಗಿ ಮುರಿಯುವುದು ಅದೇ. ಬಿರುಕು ಸಣ್ಣದಾಗಿದ್ದು ಮೂಳೆ ಜರುಗದಿದ್ದರೆ ಮೊದಲ ಎಕ್ಸ್-ರೇಯಲ್ಲಿ ಗೆರೆ ಕಾಣದೇ ಹೋಗಬಹುದು. ಇಂಥ ಮುರಿತಗಳಲ್ಲಿ ನೂರಕ್ಕೆ 10ರಿಂದ 20 ಹೀಗೆ ತಪ್ಪಿಸಿಕೊಳ್ಳುತ್ತವೆ ಎಂಬುದು ಮೂಳೆ ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಅದಕ್ಕಾಗಿಯೇ ಅನುಮಾನವಿದ್ದರೆ ಕೈಗೆ ಪಟ್ಟಿ ಹಾಕಿ, 10ರಿಂದ 14 ದಿನಗಳ ನಂತರ ಮತ್ತೆ ಕರೆಸಿ ನೋಡುವ ಪದ್ಧತಿ ಇದೆ. ಅಷ್ಟರಲ್ಲಿ ಬಿರುಕಿನ ಅಂಚು ಸ್ವಲ್ಪ ಕರಗಿ ಗೆರೆ ಎದ್ದು ಕಾಣುತ್ತದೆ. ಎಂಆರ್‌ಐ ಆದರೆ ಕಾಯುವ ಅಗತ್ಯವೂ ಇಲ್ಲ, ಮೊದಲ ದಿನಗಳಲ್ಲೇ ಹೇಳಿಬಿಡುತ್ತದೆ. ‘ಎರಡು ವಾರ ಬಿಟ್ಟು ಬನ್ನಿ’ ಎಂಬ ಒಂದು ಸಾಲನ್ನು ಚೀಟಿಯಲ್ಲಿ ಬರೆಯಲು ಎಷ್ಟು ಹೊತ್ತು ಬೇಕು? ನನಗೆ ಯಾರೂ ಬರೆದುಕೊಡಲಿಲ್ಲ. ನಿಮಗೂ ಬರೆದುಕೊಟ್ಟಂತೆ ಕಾಣುವುದಿಲ್ಲ.

ತಡವಾದರೆ ಏನಾಗುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಈ ಮೂಳೆಗೆ ರಕ್ತ ಬರುವುದು ಬಹುಪಾಲು ಬೆರಳಿನ ಕಡೆಯ ತುದಿಯಿಂದ. ಅಲ್ಲಿಂದ ಹಿಂದಕ್ಕೆ, ಮುಂಗೈಯ ಕಡೆಗೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ತಪ್ಪಬಹುದು. ಆಗ ಮೂಳೆ ಕೂಡುವುದಿಲ್ಲ, ಕೆಲವೊಮ್ಮೆ ಆ ತುಂಡು ಸತ್ತೇ ಹೋಗುತ್ತದೆ. ವರ್ಷಗಳ ಮೇಲೆ ಮಣಿಕಟ್ಟು ಸವೆದು ಸಂಧಿವಾತಕ್ಕೆ ತಿರುಗುತ್ತದೆ. ನಾಲ್ಕು ವಾರ ದಾಟಿದ ಮೇಲೆ ಚಿಕಿತ್ಸೆ ಶುರುವಾದರೆ ಕೂಡದೇ ಉಳಿಯುವ ಅಪಾಯ ಹೆಚ್ಚು. ನಿಮಗೆ ಮೂರು ವಾರ ಆಗಿದೆ, ಅದಕ್ಕೇ ಅವಸರ ಮಾಡುತ್ತಿದ್ದೇನೆ.

ನನ್ನದು ಅದಿರು ಲಾರಿ ಚೆಲ್ಲಿಹೋದ ಕೆಂಪು ಪುಡಿಯ ಮೇಲೆ ಸ್ಕೂಟರ್ ಜಾರಿ ಬಿದ್ದ ಕೈ. ಬಾವು ಅಷ್ಟಿರಲಿಲ್ಲ, ಕೈ ಸೊಟ್ಟಗಾಗಿರಲಿಲ್ಲ, ಬೆರಳುಗಳೆಲ್ಲ ಆಡುತ್ತಿದ್ದವು. ವೈದ್ಯರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಎಲುಬು ಗಟ್ಟಿ ಇದೆ ಎಂದರು. ನೋವು ಹೋಗಲಿಲ್ಲ. ಜೀನ್ಸಿನಲ್ಲಿ ಸೊಂಟಪಟ್ಟಿಯೂ ಪಕ್ಕದ ಹೊಲಿಗೆಯೂ ಸೇರುವ ಜಾಗದಲ್ಲಿ ಬಟ್ಟೆ ಐದಾರು ಪದರ ದಪ್ಪವಾಗುತ್ತದೆ. ಅದನ್ನು ಸೂಜಿಯ ಕೆಳಗೆ ನೂಕಲು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಬೇಕು. ಪ್ರತಿ ಪ್ಯಾಂಟಿಗೂ ಆ ಜಾಗ ಬಂದಾಗ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ನಮಗೆ ಕೂಲಿ ಪೀಸಿನ ಲೆಕ್ಕ. ಕೈ ನಿಧಾನವಾದರೆ ಶನಿವಾರದ ಬಟವಾಡೆಯಲ್ಲಿ ಗೊತ್ತಾಗುತ್ತದೆ.

ಆಮೇಲೆ ಹೋದ ಕಡೆಯಲ್ಲಿ ಒಬ್ಬರು ಯೂರಿಕ್ ಆಮ್ಲದ ಪರೀಕ್ಷೆ ಮಾಡಿಸಿದರು, ಇನ್ನೊಬ್ಬರು ಕ್ಯಾಲ್ಸಿಯಂ ಬರೆದರು, ಮತ್ತೊಬ್ಬರು ಹೊಲಿಗೆಯವರಿಗೆಲ್ಲ ಹೀಗೇ ಆಗುತ್ತದೆ ಎಂದು ಮುಗಿಸಿದರು. ಹೋದಲ್ಲೆಲ್ಲ ನಾನು ಹೊಸ ರೋಗಿ, ನನ್ನದು ಹೊಸ ನೋವು. ಕೊನೆಗೆ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸ್ನಾತಕೋತ್ತರ ಓದುತ್ತಿದ್ದ ಯುವ ವೈದ್ಯೆಯೊಬ್ಬರು ಹೆಬ್ಬೆರಳನ್ನು ಮೇಲಕ್ಕೆತ್ತಲು ಹೇಳಿದರು. ಹಾಗೆ ಎತ್ತಿದಾಗ ಅದರ ಬುಡದಲ್ಲಿ, ಎರಡು ನರಗಳಂತೆ ಕಾಣುವ ಸ್ನಾಯುರಜ್ಜುಗಳ ನಡುವೆ ಒಂದು ಗುಳಿ ಬೀಳುತ್ತದಲ್ಲ, ಅಲ್ಲಿ ಒಂದೇ ಬೆರಳಿನಿಂದ ಒತ್ತಿದರು. ನಾನು ಸ್ಟೂಲಿನಿಂದ ಎದ್ದುಬಿಟ್ಟೆ. ಅವರು ಹೆಚ್ಚು ಮಾತಾಡಲಿಲ್ಲ. ಕೈಯನ್ನು ಕಿರುಬೆರಳಿನ ಕಡೆಗೆ ವಾಲಿಸಿ ತೆಗೆಯುವ, ಸ್ಕಾಫಾಯ್ಡಿಗೆಂದೇ ಇರುವ ಬೇರೆ ಕೋನದ ಎಕ್ಸ್-ರೇ ಬರೆದರು. ಗೆರೆ ಸ್ಪಷ್ಟವಾಗಿತ್ತು. ಅಷ್ಟು ಹೊತ್ತಿಗೆ ಬರೀ ಪ್ಲಾಸ್ಟರಿನ ಕಾಲ ಮೀರಿತ್ತು. ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ತುಂಬಿ, ಒಳಗೊಂದು ಸ್ಕ್ರೂ ಹಾಕಿದರು. ಈಗ ಹೊಲಿಯುತ್ತೇನೆ, ಆದರೆ ಬಲಗೈ ಎಡಗೈಯಷ್ಟು ಹಿಂದಕ್ಕೆ ಬಾಗುವುದಿಲ್ಲ.

ಆದ್ದರಿಂದ ನೀವು ಹೋದಾಗ ಬೈಕ್ ಹೇಗೆ ಜಾರಿತು, ಎದುರಿಗೆ ಯಾರು ಬಂದರು ಎಂಬ ಕಥೆ ಬೇಡ. ನಿಮ್ಮ ಹಿಂದೆ ಸಾಲು ನಿಂತಿರುತ್ತದೆ, ಸಿಗುವುದು ಎರಡು ನಿಮಿಷ. ‘ಅಂಗೈ ಊರಿ ಬಿದ್ದೆ, ಮೂರು ವಾರವಾಯಿತು, ಇಲ್ಲಿ ಒತ್ತಿದರೆ ನೋವು, ಬೀಗದ ಕೈ ತಿರುಗಿಸಲು ಆಗುವುದಿಲ್ಲ, ಸ್ಕಾಫಾಯ್ಡ್ ಮುರಿದಿರಬಹುದೇ ನೋಡಿ’ ಎಂದು ಗುಳಿಯ ಮೇಲೆ ಬೆರಳಿಟ್ಟು ತೋರಿಸಿ. ಮೊಬೈಲಿನಲ್ಲಿ ಓದಿಕೊಂಡು ಬಂದಿರಾ ಎಂದು ಕೇಳಿದರೆ ಹೌದು ಎನ್ನಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಹಳೆಯ ಫಿಲ್ಮ್, ಚೀಟಿ ಎಲ್ಲ ಜೊತೆಗಿರಲಿ. ಎಕ್ಸ್-ರೇ ಮತ್ತೆ ಸರಿಯಾಗಿಯೇ ಬಂದು ನೋವು ಇದ್ದೇ ಇದ್ದರೆ ಎಂಆರ್‌ಐ ಬೇಕೇ ಎಂದು ನೀವಾಗಿಯೇ ಕೇಳಿ.

ರಾಯಚೂರು, ಬಳ್ಳಾರಿ, ಕೊಪ್ಪಳ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಸಿಂಧನೂರಿನಿಂದ ರಾಯಚೂರು, ಬಳ್ಳಾರಿ ಎರಡಕ್ಕೂ ನೇರ ಬಸ್ಸುಗಳಿವೆ. ಸೋಮವಾರ ಬಿಟ್ಟು ಹೋದರೆ ಜನ ಸ್ವಲ್ಪ ಕಡಿಮೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ಆಧಾರ್, ರೇಷನ್ ಕಾರ್ಡ್ ಜೇಬಿನಲ್ಲಿರಲಿ.

ಎಲುಬು ಕಟ್ಟುವವರ ಬಗ್ಗೆ: ನಮ್ಮ ಮನೆಯಲ್ಲೂ ಈ ಮಾತು ಬಂದಿತ್ತು, ಹಿರಿಯರ ನಂಬಿಕೆಯನ್ನು ಹಳಿಯುವುದಿಲ್ಲ. ಆದರೆ ಒಳಗೆ ಹುದುಗಿರುವ ಇಷ್ಟು ಸಣ್ಣ ಮೂಳೆಯ ಬಿರುಕನ್ನು ಎಷ್ಟೇ ಪಳಗಿದ ಕೈಯಾದರೂ ಮುಟ್ಟಿ ಹೇಳಲಾರದು. ನೀವಲು, ಎಳೆಯಲು ಮಾತ್ರ ಬಿಡಬೇಡಿ. ಬಿದಿರು ಕಡ್ಡಿಯಿಟ್ಟು ಬಿಗಿಯಾಗಿ ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ಬಿಳಿಚಿದರೆ, ಜೋಮು ಹಿಡಿದರೆ ಕಟ್ಟನ್ನು ಆ ಕ್ಷಣವೇ ಬಿಚ್ಚಿ ಆಸ್ಪತ್ರೆಗೆ ಓಡಬೇಕು. ಹಾಗೆ ಬಿಟ್ಟು ಕೈಯನ್ನೇ ಕಳೆದುಕೊಂಡವರಿದ್ದಾರೆ.

ಟಿಲ್ಲರ್ ಬೇಡವೇ ಬೇಡ. ಅದರ ಅದುರು ನೇರ ಮಣಿಕಟ್ಟಿಗೇ ಬರುತ್ತದೆ. ವೈದ್ಯರು ನೋಡುವವರೆಗೆ ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿ ಔಷಧದ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಹಾಕಿಕೊಂಡಿರಿ. ಬೀಡಿ, ಸಿಗರೇಟಿನ ಅಭ್ಯಾಸವಿದ್ದರೆ ನಿಲ್ಲಿಸಿ, ಹೊಗೆ ಮೂಳೆ ಕೂಡುವುದನ್ನು ತಡಮಾಡುತ್ತದೆ. ಮುರಿದಿದ್ದು ಜರುಗಿಲ್ಲ ಎಂದಾದರೆ ಪ್ಲಾಸ್ಟರ್ ಸಾಮಾನ್ಯವಾಗಿ 8ರಿಂದ 12 ವಾರ. ಅಂದರೆ ಈ ಸಲದ ನಾಟಿಗೆ ಟಿಲ್ಲರ್ ಓಡಿಸುವವರನ್ನು ಈಗಲೇ ಗೊತ್ತು ಮಾಡಿಕೊಳ್ಳಿ, ನಾಟಿ ಶುರುವಾದ ಮೇಲೆ ಯಾರೂ ಸಿಗುವುದಿಲ್ಲ.